ಉಪಚಾರವಿಲ್ಲದ ಸಾಲು: ಸೋಯಾ ಅವರೆಯ ಬೀಜೋಪಚಾರ ಪರೀಕ್ಷೆಗಳನ್ನು ಕುರಿತು



ಅಡಿಕೆ, ಭತ್ತಗಳ ನಾಡಿನಲ್ಲಿ ಸೋಯಾ ಅವರೆಯ ಮಾತೇಕೆ ಎಂಬ ಪ್ರಶ್ನೆ ಸಹಜವೇ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ಮಡಿಲಲ್ಲಿ ಹುಟ್ಟುವ ಮಲಪ್ರಭೆ ಬಯಲಿಗಿಳಿದು ಬೈಲಹೊಂಗಲದ ಸೀಮೆಯಲ್ಲಿ ಹಾಯುವುದು ಇದೇ ಬೆಳೆಯ ಹೊಲಗಳ ನಡುವೆ. ಎಕರೆಗೆ ಸುಮಾರು 30 ಕಿಲೋ ಬೀಜ, ಕಿಲೋಗೆ 3 ಗ್ರಾಂ ಶಿಲೀಂಧ್ರನಾಶಕ ಎಂದರೆ ಎಕರೆಗೆ 90 ಗ್ರಾಂ. ಒಬ್ಬ ರೈತನಿಗೆ ಅದು ಒಂದು ಪೊಟ್ಟಣ; ಸಾವಿರ ಎಕರೆಗೆ 90 ಕಿಲೋ. ಆಡುಮಾತಿನಲ್ಲಿ ಅದಕ್ಕೆ ಔಷಧವೆಂದೇ ಹೆಸರು!

ಬೀಜೋಪಚಾರಕ್ಕೆ ಕಾರಣವಿಲ್ಲದಿಲ್ಲ. ಸೋಯಾ ಬೀಜದ ಸಿಪ್ಪೆ ಬಹಳ ತೆಳು. ಒಕ್ಕಣೆ ಯಂತ್ರದ ಪೆಟ್ಟಿಗೆ, ಚೀಲವನ್ನು ಮೇಲಿನಿಂದ ಎಸೆದ ರಭಸಕ್ಕೆ ಒಳಗಿನ ಮೊಳಕೆ ಜಖಂಗೊಳ್ಳುತ್ತದೆ. ಪ್ರಮಾಣಿತ ಬೀಜದಲ್ಲಿ ಭತ್ತಕ್ಕೆ ಕನಿಷ್ಠ ಶೇ. 80 ಮೊಳಕೆ ಕೇಳುವ ನಿಯಮ ಸೋಯಾಕ್ಕೆ ಶೇ. 70ರಷ್ಟನ್ನೇ ಕೇಳುತ್ತದೆ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಕಾಯಿಯೊಳಗಿರುವಾಗಲೇ ಬೀಜಕ್ಕೆ ಫೋಮಾಪ್ಸಿಸ್ ತಗಲುತ್ತದೆ. ಮಣ್ಣಿನಲ್ಲಿ ಪಿಥಿಯಂ, ಸ್ಕ್ಲೆರೋಷಿಯಂ, ಮ್ಯಾಕ್ರೋಫೋಮಿನಾ ಕಾದಿರುತ್ತವೆ. ಇವೆಲ್ಲಕ್ಕೂ ಒಂದೇ ಪುಡಿ ಸಾಲದು. ಕಾರ್ಬೆಂಡಜಿಂ ಪಿಥಿಯಂಗೆ ನಾಟುವುದೇ ಇಲ್ಲ. ಅದಕ್ಕೆ ಮೆಟಲಾಕ್ಸಿಲ್‌ನಂಥದು ಬೇಕು. ಯಾವ ರೋಗವೆಂದು ತಿಳಿಯದೆ ಬೆರೆಸುವುದು ಕತ್ತಲಲ್ಲಿ ಕಲ್ಲೆಸೆದಂತೆ.

ಆದುದರಿಂದ ಪರೀಕ್ಷೆಯ ವರದಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಯಾವ ಔಷಧ ಗೆದ್ದಿತೆಂಬುದನ್ನಲ್ಲ. ಏನೂ ಹಚ್ಚದ ತಾಕು ಹೇಗಿತ್ತೆಂಬುದನ್ನು. ಅಲ್ಲಿಯ ಮೊಳಕೆ ಶೇ. 50 ಇದ್ದರೆ ಪರೀಕ್ಷೆಗೊಳಗಾದದ್ದು ಕೆಟ್ಟ ಬೀಜ ಅಥವಾ ರೋಗದ ಮಣ್ಣು. ಅಲ್ಲಿ ಉಪಚಾರದ ಲಾಭ ಎದ್ದು ಕಾಣುವುದು ಸಹಜ. ಅದೇ ಲಾಭವನ್ನು ಶೇ. 85 ಮೊಳೆಯುವ ಆರೋಗ್ಯವಂತ ಬೀಜಕ್ಕೂ ಆರೋಪಿಸುವುದು ಸರಿಯಲ್ಲ. ಯಂತ್ರದ ಪೆಟ್ಟಿನಿಂದ ಸತ್ತ ಮೊಳಕೆಯನ್ನು ಯಾವ ಪುಡಿಯೂ ಎಬ್ಬಿಸಲಾರದು. ಇನ್ನೊಂದು ಸಂಗತಿ: ಗಿಡಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಇಳುವರಿ ಹೆಚ್ಚಬೇಕೆಂದಿಲ್ಲ. ಅಲ್ಲಲ್ಲಿ ಸಸಿ ತಪ್ಪಿದರೆ ಪಕ್ಕದ ಗಿಡ ಕವಲೊಡೆದು ಆ ಜಾಗ ತುಂಬುತ್ತದೆ. ಹತ್ತನೆಯ ದಿನದ ಎಣಿಕೆಯನ್ನು ತೋರಿಸಿ ರಾಶಿಯ ತೂಕವನ್ನು ಹೇಳದ ವರದಿ ಅರ್ಧ ವರದಿ.

ಖರ್ಚಿನ ಲೆಕ್ಕದಲ್ಲಿ ಸೇರದ ನಷ್ಟವೂ ಇದೆ. ಸೋಯಾದ ಬೇರುಗಂಟುಗಳಲ್ಲಿ ಸಾರಜನಕ ಹಿಡಿಯುವ ಬ್ರಾಡಿರೈಜೋಬಿಯಂ ಕೆಲವು ಶಿಲೀಂಧ್ರನಾಶಕಗಳೊಡನೆ ಬೆರೆತರೆ ಬೀಜದ ಮೇಲೆಯೇ ಸಾಯುತ್ತದೆ. ಸ್ವತಃ ಶಿಲೀಂಧ್ರವಾದ ಟ್ರೈಕೋಡರ್ಮಾವನ್ನು ಕಾರ್ಬೆಂಡಜಿಂನೊಡನೆ ಕಲಸುವುದಂತೂ ಒಂದು ಕೈಯಲ್ಲಿ ಬಿತ್ತಿ ಇನ್ನೊಂದರಲ್ಲಿ ಕಿತ್ತಂತೆ. ಯುರೋಪಿನ ಒಕ್ಕೂಟ 2018ರಲ್ಲಿ ಥೈರಮ್‌ನ ಅನುಮತಿಯನ್ನು ನವೀಕರಿಸಲಿಲ್ಲ. ನಮ್ಮಲ್ಲಿ 2020ರ ಮೇ ತಿಂಗಳ ಕರಡು ನಿಷೇಧಪಟ್ಟಿಯ 27 ಪೀಡೆನಾಶಕಗಳಲ್ಲಿ ಥೈರಮ್, ಕ್ಯಾಪ್ಟಾನ್, ಕಾರ್ಬೆಂಡಜಿಂ ಮೂರೂ ಇದ್ದವು. 2023ರ ಅಂತಿಮ ಆದೇಶ ಆ ಮೂರನ್ನೂ ನಿಷೇಧಿಸಲಿಲ್ಲ.

ಪರೀಕ್ಷೆ ಸಂಶೋಧನಾ ಕೇಂದ್ರದ ಸ್ವತ್ತೇನಲ್ಲ. ಬಿತ್ತನೆಗೆ ಹತ್ತು ದಿನ ಮೊದಲು, ಏನೂ ಹಚ್ಚದ ನೂರು ಕಾಳುಗಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು ಎಂಟನೆಯ ದಿನ ಎಣಿಸಬಹುದು. ನಾಲ್ಕು ಸಲ ಎಣಿಸಿದರೆ ಇನ್ನೂ ಒಳಿತು. ಒಂದೇ ನೂರರಲ್ಲಿ ಕಂಡ ಐದಾರು ಕಾಳಿನ ವ್ಯತ್ಯಾಸಕ್ಕೆ ಅರ್ಥವಿಲ್ಲ. ಹೊಲದಲ್ಲಿ ಅದೇ ಚೀಲದ ಬೀಜವನ್ನು ಎರಡು ಪಾಲು ಮಾಡಿ, ಹಚ್ಚಿದ ಹಾಗೂ ಹಚ್ಚದ ಸಾಲುಗಳನ್ನು ಅಕ್ಕಪಕ್ಕ, ನಾಲ್ಕು ಕಡೆ ಬಿತ್ತಬೇಕು. ನಲವತ್ತೈದನೆಯ ದಿನ ಎರಡೂ ಸಾಲುಗಳಿಂದ ಐದೈದು ಗಿಡ ಕಿತ್ತು ಬೇರುಗಂಟನ್ನು ಉಗುರಿನಿಂದ ಸೀಳಿ ನೋಡಬೇಕು. ಒಳಗೆ ನಸುಗೆಂಪಿದ್ದರೆ ಅದು ದುಡಿಯುತ್ತಿದೆ ಎಂದರ್ಥ. ಕೊನೆಗೆ ಕಾಳನ್ನು ಬೇರೆ ಬೇರೆಯಾಗಿ ತೂಗಬೇಕು. ಹಚ್ಚಿ ಉಳಿದ ಬೀಜ ದನಕ್ಕೂ ಬೇಡ, ಎಣ್ಣೆಗಿರಣಿಗೂ ಬೇಡ. ಕಲಸಿದ ಡಬ್ಬಿಯನ್ನು ಹಳ್ಳದಲ್ಲಿ ತೊಳೆಯುವಂತಿಲ್ಲ.