ನಾಚಿ ಬಿಡಬಾರದ ಔಷಧಿ
(ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಶಾಲೆಯ ಸಭೆಯಲ್ಲಿ ಗುದದ್ವಾರದ ಔಷಧಿಯ ಪ್ರಸ್ತಾಪವೇ ಎಂದು ತಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ನಾವೂ ಬಹಳ ದಿನ ಹಿಂಜರಿದೆವು. ಆದರೆ ಹಿಂದೊಮ್ಮೆ, ಪಾಠದ ನಡುವೆ ಪದೇ ಪದೇ ಹೊರಗೆ ಹೋಗಲು ಅಪ್ಪಣೆ ಬೇಡುತ್ತಿದ್ದ ಬಾಲಕನೊಬ್ಬನನ್ನು ನಾವು ಸೋಮಾರಿಯೆಂದು ಗದರಿಸಿ ಕೂರಿಸಿದ್ದೆವು. ಅವನಿಗೆ ಮಲದಲ್ಲಿ ರಕ್ತ ಹೋಗುತ್ತಿತ್ತು. ವೈದ್ಯರು ಬರೆದುಕೊಟ್ಟಿದ್ದ ಔಷಧಿಯನ್ನು ಮನೆಯವರು ನಾಚಿಕೆಯಿಂದ ಟ್ರಂಕಿನಲ್ಲಿ ಮುಚ್ಚಿಟ್ಟಿದ್ದರು. ತಪ್ಪು ಅವರದೆಷ್ಟೋ ನಮ್ಮದೂ ಅಷ್ಟೇ.

ಆ ವ್ಯಾಧಿಯ ಹೆಸರು ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಪೊರೆ ಉರಿಯೂತದಿಂದ ಹುಣ್ಣಾಗಿ ರಕ್ತ, ಲೋಳೆ ಬೀಳುತ್ತವೆ, ತಡೆಯಲಾರದ ಅವಸರವಾಗುತ್ತದೆ. ನಮ್ಮ ಸಿರ್ಗಾಪುರದ ಕಡೆ ರಕ್ತ ಕಂಡೊಡನೆ ಮೂಲವ್ಯಾಧಿಯೆಂದೋ ಆಮಶಂಕೆಯೆಂದೋ ನಿಶ್ಚಯಿಸಿಬಿಡುತ್ತೇವೆ. ಮಲಪರೀಕ್ಷೆಯೂ, ಕರುಳಿನೊಳಗೆ ನಳಿಕೆಯಿಳಿಸಿ ನೋಡುವ ಕೊಲೊನೋಸ್ಕೋಪಿಯೂ ಆಗದೆ ಇದು ನಿರ್ಧಾರವಾಗದು. ಇದು ಅಂಟುರೋಗವಲ್ಲ, ಆ ಮಗುವಿನ ಪಕ್ಕದಲ್ಲಿ ಕೂರಲು ಯಾರೂ ಅಂಜಬೇಕಾಗಿಲ್ಲ.

ರೋಗವು ಸಾಮಾನ್ಯವಾಗಿ ಗುದದಲ್ಲಿ ಆರಂಭವಾಗಿ ಮೇಲಕ್ಕೆ ಹಬ್ಬುತ್ತದೆ. ಹುಣ್ಣು ಬಾಗಿಲ ಬಳಿಯೇ ಇರುವಾಗ ಔಷಧಿ ಊರೆಲ್ಲ ಸುತ್ತಿ ಬರುವುದೇಕೆ? ಸಪೋಸಿಟರಿಯೆಂಬ ಗುಳಿಗೆಯು ಗುದಭಾಗದಲ್ಲಿಯೇ ಕರಗಿ ಕೆಲಸ ಮಾಡುತ್ತದೆ. ಎನಿಮಾದ ದ್ರವ ಎಡಭಾಗದ ಕರುಳಿನವರೆಗೂ ಏರಬಲ್ಲದು. ಆದ್ದರಿಂದಲೇ ಎಡಮಗ್ಗುಲಾಗಿ ಮಲಗಿ ತೆಗೆದುಕೊಳ್ಳಬೇಕೆನ್ನುವುದು. ಮಲಬದ್ಧತೆಗೆ ಕೊಡುವ ಎನಿಮಾ ಹೊರಹಾಕಿಸುವುದಕ್ಕೆ; ಇದಾದರೋ ರಾತ್ರಿಯೆಲ್ಲ ಒಳಗೆ ನಿಲ್ಲುವುದಕ್ಕೆ. ಮಲಗುವ ಮುನ್ನ ಶೌಚ ಮುಗಿಸಿಕೊಂಡರೆ ಅನುಕೂಲ. ಮಕ್ಕಳಲ್ಲಿ ರೋಗವು ಕರುಳೆಲ್ಲ ಹಬ್ಬಿರುವುದು ಹೆಚ್ಚು. ಆಗ ಬಾಯಿಯ ಔಷಧಿಯೂ ಬೇಕಾಗುತ್ತದೆ.

ಇದನ್ನು ಪರದೇಶದ ಅಸಹ್ಯವೆನ್ನುವವರು ಚರಕಸಂಹಿತೆಯನ್ನು ನೋಡಲಿ. ಅತಿಸಾರದ ಚಿಕಿತ್ಸೆಯಲ್ಲಿ ಬೂರುಗದ ಲೋಳೆಯಿಂದ ಮಾಡುವ ಪಿಚ್ಛಾಬಸ್ತಿಯನ್ನು ಅಲ್ಲಿ ಹೇಳಿದೆ. ನಮ್ಮ ಹಿರಿಯರು ನಾಚಲಿಲ್ಲ. (ಹಾಗೆಂದು ಮನೆಯಲ್ಲಿ ಅದನ್ನು ಪ್ರಯೋಗಿಸಬಾರದು!)

ಇನ್ನೊಂದು ಸ್ವಾರಸ್ಯ. ಸ್ವೀಡನ್ನಿನ ವೈದ್ಯೆ ನಾನ್ನಾ ಸ್ವಾರ್ಟ್ಸ್ ಈ ರೋಗಕ್ಕೆ ಸಲ್ಫಸಲಜೀನ್ ಎಂಬ ಔಷಧಿಯನ್ನು ಬಳಕೆಗೆ ತಂದಿದ್ದರು. ಅದು ಎರಡು ವಸ್ತುಗಳ ಜೋಡಿ. ಅವುಗಳಲ್ಲಿ ಗುಣ ಕೊಡುವುದು ಯಾವುದು? 1977ರಲ್ಲಿ ಆಕ್ಸ್‌ಫರ್ಡಿನಲ್ಲಿ ಬಾಂಗ್ಲಾದೇಶದ ವೈದ್ಯ ಆಜಾದ್ ಖಾನ್, ಟ್ರೂಲವ್ ಮೊದಲಾದವರು ಎರಡನ್ನೂ ಬೇರೆ ಬೇರೆಯಾಗಿ ಎನಿಮಾದಲ್ಲಿಯೇ ಕೊಟ್ಟು ನೋಡಿದರು. ಸಲ್ಫಾ ಭಾಗವು ಬರಿಯ ಬಂಡಿ. ಗುಣ ಕೊಟ್ಟದ್ದು ಇಂದು ಮೆಸಲಮೀನ್ ಎನ್ನುವ ಇನ್ನೊಂದು ಭಾಗ. ಮುಚ್ಚಿಟ್ಟ ಆ ಟ್ರಂಕಿನಲ್ಲಿ ಇದ್ದದ್ದೂ ಅದೇ.

ರಕ್ತ ನಿಂತೊಡನೆ ತಾವಾಗಿಯೇ ಔಷಧಿ ಬಿಡಿಸಬೇಡಿರಿ. ಬಿಟ್ಟರೆ ರೋಗ ಮರುಕಳಿಸುವುದುಂಟು. ವೈದ್ಯರನ್ನು ಕೇಳಿರಿ. ನಮಗೆ ಗುಟ್ಟಾಗಿ ಒಂದು ಚೀಟಿ ಬರೆದರೆ ಸಾಕು. ಆ ಮಗು ತರಗತಿಯಲ್ಲಿ ಇನ್ನು ಕೈಯೆತ್ತಿ ಅಪ್ಪಣೆ ಬೇಡಬೇಕಾಗಿಲ್ಲ. ಬಾಗಿಲ ಬಳಿಯ ಬೆಂಚು ಅವನದು.