ಎತ್ತಿಗೆ ಜ್ವರ, ಸೌಂಡ್ ಕಾರ್ಡಿಗೆ ಬರೆ!

(ಮನೆಯಲ್ಲೇ ಹಾಡು ರೆಕಾರ್ಡ್ ಮಾಡಿಕೊಳ್ಳುವ ಗೆಳೆಯರ ಮುಂದೆ ಆಡಿದ ಮಾತುಗಳ ಬರಹರೂಪ)



ಮನೆಯ ಕಂಪ್ಯೂಟರಿನಲ್ಲಿ ಹಾಡು ರೆಕಾರ್ಡ್ ಮಾಡಲು ಹೊರಟವರ ದೂರು ಒಂದೇ. ಕಿವಿಗೆ ಹೆಡ್‌ಫೋನ್ ಹಾಕಿ ಮೈಕಿನ ಮುಂದೆ ಬಾಯಿ ತೆರೆದರೆ ನಿಮ್ಮದೇ ದನಿ ತಡವಾಗಿ ಕಿವಿಗೆ ಬೀಳುತ್ತದೆ. ಕೀಬೋರ್ಡಿನ ಮನೆ ಒತ್ತಿದರೆ ಸ್ವರ ಆಮೇಲೆ ಬರುತ್ತದೆ. ತಾಳ ತಪ್ಪುತ್ತದೆ, ಮನಸ್ಸು ಮುರಿಯುತ್ತದೆ. ಆಗ ಪಕ್ಕದಲ್ಲಿದ್ದವರು ತೀರ್ಪು ಕೊಟ್ಟುಬಿಡುತ್ತಾರೆ: "ಅದು ಒಳಗೇ ಬರುವ ಸೌಂಡ್ ಕಾರ್ಡ್ ಸ್ವಾಮಿ, ಅದರಿಂದ ಏನೂ ಆಗಲ್ಲ. ಹೊರಗಿನ ಪೆಟ್ಟಿಗೆ ತನ್ನಿ." ಹಣವಿದ್ದವರು ತರುತ್ತಾರೆ. ಇಲ್ಲದವರು ರೆಕಾರ್ಡಿಂಗ್ ಆಸೆಯನ್ನೇ ಬಿಡುತ್ತಾರೆ. ನನ್ನ ಮಾತು ಆ ಎರಡನೆಯವರಿಗಾಗಿ.

ಇದಕ್ಕೆ ಇಂಗ್ಲಿಷಿನಲ್ಲಿ ಲೇಟೆನ್ಸಿ ಎನ್ನುತ್ತಾರೆ. ನಮಗೆ "ತಡ" ಎಂದರೆ ಸಾಕು. ಈ ತಡದಲ್ಲಿ ಬಹುಪಾಲು ಆ ಚಿಪ್ಪಿನದಲ್ಲ. ನೀವೇ ಒಂದು ಸಂಜೆ ಕೂತು ಇಳಿಸಬಹುದಾದದ್ದು.

ತಡ ಎಲ್ಲಿಂದ ಬಂತು?

ಕಂಪ್ಯೂಟರ್ ನಿಮ್ಮ ದನಿಯನ್ನು ಸೆಕೆಂಡಿಗೆ 48,000 ಸಲ ಅಳೆಯುತ್ತದೆ. ಒಂದೊಂದು ಅಳತೆಗೆ ಸ್ಯಾಂಪಲ್ ಎಂದು ಹೆಸರು. ಬಂದ ಬಂದ ಸ್ಯಾಂಪಲ್ಲನ್ನು ಹಾಗೆಯೇ ಪ್ರೊಸೆಸರಿಗೆ ಒಪ್ಪಿಸುತ್ತಾ ಹೋದರೆ ಅದಕ್ಕೆ ಬೇರೆ ಕೆಲಸಕ್ಕೆ ಪುರುಸೊತ್ತೇ ಇರುವುದಿಲ್ಲ. ಆದ್ದರಿಂದ ಅವನ್ನು ಬಫರ್ ಎಂಬಲ್ಲಿ ಕೂಡಿಟ್ಟು ಒಟ್ಟಿಗೆ ಸಾಗಿಸುತ್ತಾರೆ. ಸೀಟು ತುಂಬುವ ತನಕ ಹೊರಡದ ಟೆಂಪೋ ನೋಡಿದ್ದೀರಲ್ಲ? ಬಫರ್ ಅಂಥದ್ದು. ಲೆಕ್ಕ ಸುಲಭ: ಬಫರಿನ ಸ್ಯಾಂಪಲ್ ಸಂಖ್ಯೆಯನ್ನು 48,000ದಿಂದ ಭಾಗಿಸಿ. 1024 ಸೀಟಿನ ಟೆಂಪೋ ತುಂಬಲು 21 ಮಿಲಿಸೆಕೆಂಡ್ ಬೇಕು. 128 ಸೀಟಿನದಕ್ಕೆ ಮೂರೂ ಬೇಡ.

ಒಳಗೆ ಬರುವಾಗ ಒಂದು ಟೆಂಪೋ. ಹೊರಗೆ ಹೋಗುವಾಗ ಸಾಮಾನ್ಯವಾಗಿ ಎರಡು. ಒಂದು ಖಾಲಿಯಾಗುತ್ತಿರುವಾಗ ಇನ್ನೊಂದು ತುಂಬುತ್ತಿರಬೇಕು. ಹೀಗೆ ಮೂರು ಸೇರಿ 1024ರಲ್ಲಿ ಸುಮಾರು 64 ಮಿಲಿಸೆಕೆಂಡ್, 128ರಲ್ಲಿ ಬರೀ 8. ಚಿಪ್ಪು ತನ್ನ ಪಾಲಿಗೆ ಸೇರಿಸುವುದು ಇದರ ಮೇಲೆ ಅಲ್ಪಸ್ವಲ್ಪ.

ಇದರ ಅರ್ಥವೇನು? ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. 64 ಮಿಲಿಸೆಕೆಂಡ್ ಎಂದರೆ 22 ಮೀಟರ್. ನಿಮ್ಮ ತಬಲಾದವರು ವೇದಿಕೆ ಬಿಟ್ಟಿಳಿದು ಸಭಾಂಗಣದ ಕಟ್ಟಕಡೆಯ ಸಾಲಿನಲ್ಲಿ ಕೂತು ಸಾಥ್ ಕೊಟ್ಟ ಹಾಗೆ! 8 ಮಿಲಿಸೆಕೆಂಡ್ ಎಂದರೆ ಮೂರು ಮೀಟರಿಗಿಂತ ಕಡಿಮೆ. ಒಂದೇ ವೇದಿಕೆ, ಒಂದೇ ಜಮಖಾನೆ. ಅಷ್ಟು ದೂರದಲ್ಲಿ ಕೂತು ಕಲಾವಿದರು ದಿನವೂ ನುಡಿಸುತ್ತಾರೆ.

ತಪ್ಪಿತಸ್ಥರು ಯಾರು?

ಮದರ್‌ಬೋರ್ಡಿನಲ್ಲೇ ಧ್ವನಿ ಕೂರಿಸಲು ಇಂಟೆಲ್ ಕಂಪನಿ 1997ರಲ್ಲಿ ಎಸಿ97 ಎಂಬ ಮಾದರಿ ತಂದಿತು. 2004ರಲ್ಲಿ ಎಚ್‌ಡಿ ಆಡಿಯೋ ಬಂತು. ಆ ಚಿಪ್ಪುಗಳು ಸಣ್ಣ ಬಫರಿನಲ್ಲೂ ದುಡಿಯಬಲ್ಲವು. ಆದರೆ ಅವುಗಳಿಗೂ ನಿಮ್ಮ ಹಾಡಿಗೂ ನಡುವೆ ಆಪರೇಟಿಂಗ್ ಸಿಸ್ಟಂ ಇದೆ. ಬ್ರೌಸರಿನ ಹಾಡು, ಮೆಸೇಜಿನ ಗಂಟೆ, ನಿಮ್ಮ ಆಲಾಪ, ಎಲ್ಲವನ್ನೂ ಒಂದೇ ಹಂಡೆಯಲ್ಲಿ ಕಲಸಿ ಕಳಿಸುವುದು ಅದರ ಕೆಲಸ. ಎಲ್ಲೂ ಕಡಿಯಬಾರದೆಂದು ದೊಡ್ಡ ಬಫರ್ ಇಟ್ಟುಕೊಳ್ಳುತ್ತದೆ. ಸಿನಿಮಾ ನೋಡುವವರಿಗೆ ಅದೇ ಸರಿ. ಹಾಡುವವರಿಗೆ ಅದೇ ಶತ್ರು. ಕಲಸುವವನು ತಡ ಮಾಡುತ್ತಾನೆ, ಬೈಗುಳ ಚಿಪ್ಪಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ವಿಂಡೋಸ್ ಇದ್ದವರಿಗೆ

ಈ ಹಂಡೆಯನ್ನು ಬಳಸಿಕೊಂಡು ಹೋಗಲು ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ಎಎಸ್‌ಐಒ ಎಂಬ ದಾರಿ ಮಾಡಿತು. ಒಳಗೇ ಬರುವ ಚಿಪ್ಪುಗಳ ಜೊತೆ ಆ ಡ್ರೈವರ್ ಸಾಮಾನ್ಯವಾಗಿ ಬರುವುದಿಲ್ಲ. ಆ ಕೊರತೆ ತುಂಬಲು ಎಎಸ್‌ಐಒ ಫೋರ್ ಆಲ್ ಎಂಬ ಡ್ರೈವರ್ ಇದೆ, ಉಚಿತ. ಹಾಕಿಕೊಂಡು ನಿಮ್ಮ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಅದನ್ನೇ ಆರಿಸಿ. ಅದರ ಫಲಕದಲ್ಲಿ ಒಳಗಿನ ಸೌಂಡ್ ಕಾರ್ಡನ್ನು ಮಾತ್ರ ಚಾಲೂ ಇಡಿ. ಮಾನಿಟರಿನ ಎಚ್‌ಡಿಎಂಐ, ವೆಬ್‌ಕ್ಯಾಮಿನ ಮೈಕ್ ಎಲ್ಲ ಆರಿಸಿಬಿಡಿ. ಬಫರ್ 512ರಿಂದ ಶುರುಮಾಡಿ 256, 128 ಎಂದು ಇಳಿಸಿ. ಕರಕರ ಎಂದ ಕೂಡಲೇ ಒಂದು ಮೆಟ್ಟಿಲು ಹಿಂದೆ ಬನ್ನಿ. ಅದೇ ನಿಮ್ಮ ಯಂತ್ರದ ಜಾಗ.

ಇನ್ನು ನಾಲ್ಕು ಕೆಲಸ. ವಿಂಡೋಸಿನಲ್ಲೂ ತಂತ್ರಾಂಶದಲ್ಲೂ ಒಂದೇ 48,000 ಇಡಿ. ದನಿಗೆ ಬಣ್ಣ ಹಚ್ಚುವ "ಎನ್‌ಹಾನ್ಸ್‌ಮೆಂಟ್" ಎಲ್ಲ ತೆಗೆಯಿರಿ. ಪವರ್ ಪ್ಲಾನನ್ನು ಹೈ ಪರ್ಫಾರ್ಮೆನ್ಸಿಗೆ ಹಾಕಿ. ರೆಕಾರ್ಡಿಂಗ್ ಹೊತ್ತಿನಲ್ಲಿ ವೈಫೈ ಆರಿಸಿ. ಅದರ ಡ್ರೈವರ್ ನಡುನಡುವೆ ಪ್ರೊಸೆಸರನ್ನು ಹಿಡಿದಿಟ್ಟುಕೊಳ್ಳುವುದುಂಟು. ಯಾವ ಡ್ರೈವರ್ ಹಾಗೆ ಕಾಡುತ್ತಿದೆ ಎಂದು ಲೇಟೆನ್ಸಿಮಾನ್ ಎಂಬ ತಂತ್ರಾಂಶ ಹೆಸರು ಹಿಡಿದು ಹೇಳುತ್ತದೆ.

ಲಿನಕ್ಸ್ ಇದ್ದವರಿಗೆ

ಸೌಂಡ್ ಕಾರ್ಡನ್ನು ನಡೆಸುವ ಅಲ್ಸಾ 2003ರ 2.6 ಕರ್ನಲಿನಿಂದಲೇ ಒಳಗಿದೆ. ಅದರ ಮೇಲೆ ಕಡಿಮೆ ತಡದ ಕೆಲಸಕ್ಕೆಂದೇ ಪಾಲ್ ಡೇವಿಸ್ ಶುರುಮಾಡಿದ ಜ್ಯಾಕ್ ಇದೆ. ಈಗ ಅನೇಕ ಕಡೆ ಪೈಪ್‌ವೈರ್ ಆ ಕೆಲಸವನ್ನೂ ಮಾಡುತ್ತದೆ. ಫೆಡೋರಾದಲ್ಲಿ 2021ರಿಂದ, ಉಬುಂಟುವಿನಲ್ಲಿ 2022ರಿಂದ ಅದೇ ಮೊದಲ ಆಯ್ಕೆ.

ಇಲ್ಲಿ ಮೂರು ಮಾತು ನೆನಪಿರಲಿ. ಒಂದು, ನಿಮ್ಮ ಬಳಕೆದಾರ ಹೆಸರಿಗೆ ರಿಯಲ್‌ಟೈಮ್ ಅನುಮತಿ ಇರಬೇಕು. ಇಲ್ಲದಿದ್ದರೆ ಬೇರೆ ಕೆಲಸಗಳು ನಿಮ್ಮ ಹಾಡನ್ನು ಸರತಿಯಲ್ಲಿ ಹಿಂದಕ್ಕೆ ತಳ್ಳುತ್ತವೆ. ಎರಡು, ಕಾರ್ಡನ್ನು ಸಂಖ್ಯೆಯಿಂದ ಕರೆಯದೆ ಹೆಸರಿನಿಂದ ಕರೆಯಿರಿ. ಸೊನ್ನೆಯನೆಯ ಕಾರ್ಡು ಎಂದು ಕೊಟ್ಟರೆ ಅದು ಎಷ್ಟೋ ಸಲ ಎಚ್‌ಡಿಎಂಐ ಆಗಿರುತ್ತದೆ. ಹೆಡ್‌ಫೋನಿನಲ್ಲಿ ಮಾತ್ರ ಮೌನ! ಮೂರು, ಜ್ಯಾಕ್‌ನಲ್ಲಿ 48,000, ಬಫರ್ 256, ಪೀರಿಯಡ್ 2 ಎಂದು ಶುರುಮಾಡಿ 128ಕ್ಕೆ ಇಳಿಸಿ. ರಿಯಲ್‌ಟೈಮ್ ಕರ್ನಲ್ ಬೇಕೆಂದರೆ ಹಿಂದೆ ಬೇರೆಯಾಗಿ ತೇಪೆ ಹಚ್ಚಬೇಕಿತ್ತು. 2024ರ 6.12ರಿಂದ ಅದೂ ಮೂಲದಲ್ಲೇ ಸೇರಿದೆ.

ಕರಕರ ಎಂದರೆ ಹೆದರಬೇಡಿ

ಕರಕರ ಸದ್ದು ಬಂದರೆ ಕಾರ್ಡು ಕೆಟ್ಟಿತೆಂದು ಅಂಗಡಿಗೆ ಓಡಬೇಡಿ. ಟೆಂಪೋ ಹೊರಡುವ ವೇಳೆಗೆ ಪ್ರೊಸೆಸರ್ ಸೀಟು ತುಂಬಿಸಿರಲಿಲ್ಲ, ಅಷ್ಟೇ. ಜ್ಯಾಕ್ ಇದನ್ನು ಎಕ್ಸ್‌ರನ್ ಎಂದು ಎಣಿಸಿಯೂ ತೋರಿಸುತ್ತದೆ. ಬಫರ್ ಒಂದು ಮೆಟ್ಟಿಲು ಏರಿಸಿ, ಬ್ರೌಸರ್ ಮುಚ್ಚಿ.

ಸಣ್ಣ ಬಫರ್ ಸದಾ ಬೇಕೆಂದೂ ಇಲ್ಲ. ಹಾಡುವಾಗ, ನುಡಿಸುವಾಗ 128. ರೆಕಾರ್ಡಿಂಗ್ ಮುಗಿಸಿ ಮಿಕ್ಸಿಂಗಿಗೆ ಕೂತಾಗ 1024. ಆಗ ಯಾರೂ ಹಾಡುತ್ತಿರುವುದಿಲ್ಲ, ಪ್ರೊಸೆಸರಿಗೂ ಉಸಿರಾಡಲು ಬಿಡುವು. ಬರೀ ಕಥೆ ಓದಿ ರೆಕಾರ್ಡ್ ಮಾಡುವವರಿಗಂತೂ ಈ ಗೊಡವೆಯೇ ಬೇಡ. ಅವರು ತಮ್ಮ ದನಿಯನ್ನು ಹೆಡ್‌ಫೋನಿನಲ್ಲಿ ಕೇಳುವ ಅಗತ್ಯವೇ ಇಲ್ಲ.

ಹಳೆಯ ಯಂತ್ರದಲ್ಲಿ 512ರ ಕೆಳಗೆ ಇಳಿಯಲಾಗದವರಿಗೂ ದಾರಿಯಿದೆ. ಒಂದು ಕಿವಿಯ ಹೆಡ್‌ಫೋನ್ ಸರಿಸಿ, ತಂತ್ರಾಂಶದ ಮಾನಿಟರಿಂಗ್ ಆರಿಸಿ, ನಿಮ್ಮ ದನಿಯನ್ನು ಗಾಳಿಯಲ್ಲೇ ಕೇಳುತ್ತಾ ಹಾಡಿ. ಆಮೇಲೆ ಉಳಿದ ತಡವನ್ನು ಅಳೆದು ಸರಿಪಡಿಸಿ. ಚಿಟಿಕೆ ಸದ್ದಿನ ಒಂದು ಟ್ರ್ಯಾಕ್ ಹಾಕಿ, ಹೆಡ್‌ಫೋನನ್ನು ಮೈಕಿಗೆ ಹಿಡಿದು ರೆಕಾರ್ಡ್ ಮಾಡಿ. ಎರಡು ಚಿಟಿಕೆಗಳ ನಡುವಿನ ಅಂತರವೇ ತಡ. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಆ ಅಂಕಿ ಕೊಟ್ಟರೆ ಮುಂದಿನ ರೆಕಾರ್ಡಿಂಗೆಲ್ಲ ತಾಳಕ್ಕೆ ಸರಿಯಾಗಿ ಕೂರುತ್ತದೆ.

ಎರಡು ಎಚ್ಚರಿಕೆ. ಬ್ಲೂಟೂತ್ ಹೆಡ್‌ಫೋನ್ ದೂರವಿಡಿ. ಅದರದೇ ತಡ ನೂರು ಮಿಲಿಸೆಕೆಂಡ್ ದಾಟುವುದು ಸಾಮಾನ್ಯ. ತಂತಿಯದೇ ಸರಿ. ವಿಂಡೋಸಿನ "ಲಿಸನ್ ಟು ದಿಸ್ ಡಿವೈಸ್" ನಂಬಬೇಡಿ. ಅದು ಅದೇ ಹಂಡೆಯ ದಾರಿ.

ಪೆಟ್ಟಿಗೆ ಯಾವಾಗ ಬೇಕು?

ಹೊರಗಿನ ಪೆಟ್ಟಿಗೆ ಮೋಸವೆಂದು ನಾನು ಹೇಳುವುದಿಲ್ಲ. ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಬೇಕು, ಒಳಗಿನ ಕಾರ್ಡು ಅದನ್ನು ಕೊಡಲಾರದು. ತಂಬೂರಿ, ತಬಲಾ, ದನಿಗೆ ಬೇರೆ ಬೇರೆ ಮೈಕ್ ಇಡಬೇಕೆಂದರೂ ಸಾಲದು. ಮೈಕ್ ಬೂಸ್ಟ್ ಏರಿಸಿದಷ್ಟೂ ಹಿಂದೆ ಸುಯ್ ಎಂಬ ಸದ್ದು ಏರುತ್ತದೆ. ಆ ಕಾರಣಗಳಿಗೆ ಕೊಳ್ಳಿ, ಸಂತೋಷ. ತಡ ಎಂಬ ಒಂದೇ ಕಾರಣಕ್ಕೆ, ಬಫರ್ ಎಷ್ಟಿದೆ ಎಂದೂ ನೋಡದೆ, ಸಾಲ ಮಾಡಿ ಕೊಳ್ಳಬೇಡಿ.

ನಿಮ್ಮ ಮೇಜಿನ ಮೇಲಿರುವ ಯಂತ್ರಕ್ಕೆ ನೀವು ಈಗಾಗಲೇ ದುಡ್ಡು ಕೊಟ್ಟಿದ್ದೀರಿ. ಅದರಿಂದ ದುಡಿಸಿಕೊಳ್ಳುವುದು ನಿಮ್ಮ ಹಕ್ಕು. ಇಂದು ರಾತ್ರಿಯೇ ಆ ಸೆಟ್ಟಿಂಗ್ ತೆರೆದು ಅಂಕಿ ನೋಡಿ. 1024 ಎಂದಿದ್ದರೆ, ನಿಮ್ಮ ತಬಲಾದವರನ್ನು ಕಡೆಯ ಸಾಲಿನಿಂದ ಎಬ್ಬಿಸಿ ಪಕ್ಕಕ್ಕೆ ಕರೆದು ಕೂರಿಸಿಕೊಳ್ಳಿ. ಹಾಡು ಶುರುವಾಗಲಿ.