ಬೆಕ್ಕಿನ ಕಣ್ಣಿನ ಕೂಸು



ಇವತ್ತು ಪಾಠ ಶುರು ಮಾಡುವ ಮೊದಲು ಒಂದು ಮಾತು ಹೇಳಬೇಕು. ಇದು ಕಣ್ಣಿನ ಬಣ್ಣದ ಮಾತು. ಹೆಣ್ಣುಮಗಳ ಮಾನದ ಮಾತೂ ಹೌದು.

ಪಕ್ಕದ ಊರಿನ ಕಲಿಕಾ ಕೇಂದ್ರಕ್ಕೆ ಒಬ್ಬ ತಂಗಿ ಬರುತ್ತಿದ್ದಳು. ಹೆಸರು ಬೇಡ. ತವರಿನಲ್ಲಿ ಹೆರಿಗೆ ಆಯಿತು. ಹೆಣ್ಣು ಕೂಸು. ತಾಯಿಯ ಕಣ್ಣು ಕಪ್ಪು. ತಂದೆಯ ಕಣ್ಣೂ ಕಪ್ಪು. ಕೂಸಿನದು ಮಾತ್ರ ಬೆಕ್ಕಿನ ಕಣ್ಣು. ತೊಟ್ಟಿಲಿಗೆ ಹಾಕಿದ ದಿನವೇ ಗುಸುಗುಸು ಶುರುವಾಯಿತು. "ನಮ್ಮ ವಂಶದಲ್ಲಿ ಇಂಥ ಕಣ್ಣು ಯಾರಿಗೂ ಇಲ್ಲ. ಇದು ಎಲ್ಲಿಂದ ಬಂತು?" ಅಂದರು. ಗಂಡನ ಮನಸ್ಸು ಕೆಟ್ಟಿತು. ಐದು ತಿಂಗಳಾದರೂ ಹೆಂಡತಿಯನ್ನು ಕರೆದುಕೊಂಡು ಬರಲು ಹೋಗಲಿಲ್ಲ.

ಸುದ್ದಿ ಕೇಳಿ ನಾನು ಆ ಮನೆಗೆ ಹೋದೆ. ಅತ್ತೆ, ಮಗ ಇಬ್ಬರನ್ನೂ ಕೂರಿಸಿದೆ. ಅಲ್ಲಿ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಕೇಳಿ.

ನಮ್ಮ ಕಣ್ಣಿನ ನಡುವೆ ಒಂದು ಕಪ್ಪು ಬೊಟ್ಟು ಇದೆ. ಅದರ ಸುತ್ತ ಬಳೆಯ ಹಾಗೆ ಒಂದು ಭಾಗ ಇದೆ. ಅಲ್ಲಿ ಮೆಲನಿನ್ ಎಂಬ ಬಣ್ಣದ ವಸ್ತು ಇರುತ್ತದೆ. ಕೂದಲಿಗೆ, ಚರ್ಮಕ್ಕೆ ಬಣ್ಣ ಕೊಡುವುದೂ ಅದೇ. ಅದು ಜಾಸ್ತಿ ಇದ್ದರೆ ಕಣ್ಣು ಕಪ್ಪು. ಕಡಿಮೆ ಇದ್ದರೆ ತಿಳಿ ಬಣ್ಣ. ಎಷ್ಟು ಇರಬೇಕು ಎಂದು ಹೇಳುವವು ವಂಶವಾಹಿಗಳು. ಇವಕ್ಕೆ ಜೀನ್ ಅಂತಲೂ ಅಂತಾರೆ. ಮಗುವಿಗೆ ಇವು ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬರುತ್ತವೆ.

ಆ ಮನೆಯ ಅಡುಗೆಮನೆಯಿಂದ ಎರಡು ಹುಣಸೆ ಬೀಜ, ಎರಡು ಅವರೆ ಕಾಳು ತರಿಸಿದೆ. ಹುಣಸೆ ಬೀಜ ಅಂದರೆ ಕಪ್ಪು ಕಣ್ಣು. ಅವರೆ ಕಾಳು ಅಂದರೆ ತಿಳಿ ಕಣ್ಣು. ತಂದೆಯ ಕೈಯಲ್ಲಿ ಒಂದು ಬೀಜ, ಒಂದು ಕಾಳು. ತಾಯಿಯ ಕೈಯಲ್ಲೂ ಹಾಗೇ. ಎರಡೂ ಜೊತೆಗಿದ್ದಾಗ ಕಪ್ಪು ಮುಂದೆ ಕಾಣುತ್ತದೆ, ತಿಳಿ ಬಣ್ಣ ಅಡಗಿರುತ್ತದೆ. ಅದಕ್ಕೇ ಇಬ್ಬರ ಕಣ್ಣೂ ಕಪ್ಪು. ಮಗು ಇಬ್ಬರಿಂದಲೂ ಒಂದೊಂದು ತೆಗೆದುಕೊಳ್ಳುತ್ತದೆ. ಎರಡೂ ಅವರೆ ಕಾಳೇ ಬಂದರೆ? ಕೂಸಿನ ಕಣ್ಣು ತಿಳಿಯಾಯಿತು! ಅಡಗಿದ ಕಾಳು ಎಷ್ಟೋ ತಲೆಮಾರು ಕಾಣದೆ ಬಂದಿರಬಹುದು. ಮನೆಯಲ್ಲಿ ಯಾರಿಗೂ ನೆನಪು ಇರುವುದಿಲ್ಲ.

ನಿಜವಾದ ಲೆಕ್ಕ ಇಷ್ಟು ಸುಲಭವೂ ಅಲ್ಲ. ಸಾರಿನ ರುಚಿ ಉಪ್ಪೊಂದರಿಂದ ಬರುವುದಿಲ್ಲ. ಹುಳಿ, ಖಾರ, ಬೇಳೆ ಎಲ್ಲ ಸೇರಬೇಕು. ಕಣ್ಣಿನ ಬಣ್ಣವೂ ಹಾಗೇ. 1907ರ ಸುಮಾರಿಗೆ ಕೆಲವು ವಿಜ್ಞಾನಿಗಳು, ನೀಲಿ ಕಣ್ಣಿನ ತಂದೆ ತಾಯಿಗೆ ಕಂದು ಕಣ್ಣಿನ ಮಗು ಹುಟ್ಟುವುದಿಲ್ಲ ಅಂದಿದ್ದರು. ಅದು ತಪ್ಪು ಎಂದು ಆಮೇಲೆ ತಿಳಿಯಿತು. ಅಂಥ ಮಕ್ಕಳೂ ಹುಟ್ಟುತ್ತಾರೆ. 2021ರಲ್ಲಿ ಸುಮಾರು 1 ಲಕ್ಷ 95 ಸಾವಿರ ಜನರ ಅಧ್ಯಯನ ಒಂದು ಬಂತು. ಕಣ್ಣಿನ ಬಣ್ಣಕ್ಕೆ ಸಂಬಂಧಿಸಿದ 61 ಜಾಗಗಳನ್ನು ಅದು ಗುರುತಿಸಿತು. ಇಷ್ಟೆಲ್ಲ ಸೇರಿ ಆಗುವ ಬಣ್ಣವನ್ನು ನೋಡಿ, ತಂದೆ ಯಾರು ಅಂತ ಹೇಳಲು ಆಗುತ್ತದೆಯೇ? ಆಗುವುದಿಲ್ಲ. ಕಣ್ಣು ಹೋಲದಿದ್ದರೆ ತಂದೆಯಲ್ಲ ಎನ್ನಲು ಆಗದು. ಕಣ್ಣು ಹೋಲಿದರೆ ಅವನೇ ತಂದೆ ಎನ್ನಲೂ ಆಗದು.

ತಂದೆ ಯಾರೆಂದು ತಿಳಿಸುವುದು ಡಿ.ಎನ್.ಎ. ಪರೀಕ್ಷೆ. ಇದು ಹೆಣ್ಣಿನ ಪರವಾಗಿಯೂ ನಿಂತಿದೆ. ಕೇರಳದಲ್ಲಿ ಒಬ್ಬ ತಾಯಿ ಮಗುವಿಗೆ ಜೀವನಾಂಶ ಕೇಳಿದಳು. ಆ ಗಂಡಸು "ಮಗು ನನ್ನದಲ್ಲ" ಅಂದ. ಹೈದರಾಬಾದಿನ ವಿಜ್ಞಾನಿ ಲಾಲ್‌ಜಿ ಸಿಂಗ್ ಪರೀಕ್ಷೆ ಮಾಡಿದರು. ಅವನೇ ತಂದೆ ಎಂದು ತಿಳಿಯಿತು. 1989ರಲ್ಲಿ ತಲಶ್ಶೇರಿಯ ನ್ಯಾಯಾಲಯ ಅದನ್ನು ಒಪ್ಪಿತು.

ಹಾಗಂತ ಸಂಶಯ ಬಂದಾಗಲೆಲ್ಲ ಪರೀಕ್ಷೆ ಮಾಡಿಸು ಎನ್ನುವಂತಿಲ್ಲ. ಮದುವೆಯಾದವರಿಗೆ ಹುಟ್ಟಿದ ಮಗುವನ್ನು ಕಾನೂನು ಗಂಡನ ಮಗು ಎಂದೇ ತಿಳಿಯುತ್ತದೆ. ಕೇಳಿದವರಿಗೆಲ್ಲ ರಕ್ತ ಪರೀಕ್ಷೆಗೆ ಆದೇಶ ಕೊಡಬಾರದು ಎಂದು 1993ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಯಾರಾದರೂ ಹೀಗೆ ಅಪವಾದ ಹೊರಿಸಿ ಮನೆ ಬಿಡಿಸಿದರೆ ಅಳುತ್ತಾ ಕೂರಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಆ ಮನೆಯಲ್ಲಿ ನನ್ನ ಮಾತು ಮುಗಿದಾಗ ಅತ್ತೆ ಏನೂ ಹೇಳಲಿಲ್ಲ. ಕಾಳುಗಳನ್ನೇ ನೋಡುತ್ತಾ ಕೂತಿದ್ದರು. ಮುಂದಿನ ವಾರ ಮಗ ಹೋಗಿ ಹೆಂಡತಿ, ಕೂಸು ಇಬ್ಬರನ್ನೂ ಕರೆದುಕೊಂಡು ಬಂದ. ಆ ತಂಗಿ ಈಗ ಮತ್ತೆ ಕೇಂದ್ರಕ್ಕೆ ಬರುತ್ತಾಳೆ. ಆದರೆ "ಆ ಐದು ತಿಂಗಳು ಮರೆಯಲ್ಲ ಟೀಚರ್" ಅಂತಾಳೆ.

ನೋಡಿ, ಆ ಐದು ತಿಂಗಳನ್ನು ಯಾರೂ ತಿರುಗಿ ಕೊಡಲಾರರು. ಅದಕ್ಕೇ ಹೇಳುತ್ತೇನೆ. ತೊಟ್ಟಿಲ ಹತ್ತಿರ ಗುಸುಗುಸು ಕೇಳಿದರೆ ನೀವು ಸುಮ್ಮನಿರಬೇಡಿ. "ಕಣ್ಣಿನ ಬಣ್ಣ ಸಾಕ್ಷಿಯಲ್ಲ" ಎಂದು ಅಲ್ಲೇ ಹೇಳಿ. ಈಗ ಸ್ಲೇಟು ತೆಗೆಯಿರಿ. ಇವತ್ತು ಮೊದಲು ಈ ಸಾಲನ್ನೇ ಬರೆಯೋಣ.